ಚಿಪ್ಪು ನೋಡಿ ಹೆಸರು ಹೇಳಬಹುದೇ?

ಮಳೆ ಹಿಡಿದು ನಾಲ್ಕು ದಿನವಾದರೆ ಸಾಕು, ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಬಸವನಹುಳುಗಳು ಕಾಣಿಸಿಕೊಳ್ಳುತ್ತವೆ. ನೀವೂ ನೋಡಿದ್ದೀರಲ್ಲವೇ? ಕೆಲವು ಉದ್ದ ಚಿಪ್ಪಿನವು, ಕೆಲವು ಚಪ್ಪಟೆ. ಎಲ್ಲವನ್ನೂ ನಾವು ಬಸವನಹುಳು ಎಂದೇ ಕರೆಯುತ್ತೇವೆ. ಆದರೆ ಅವೆಲ್ಲ ಒಂದೇ ಪ್ರಭೇದವಲ್ಲ.

ಇದನ್ನು ತಿಳಿಯುವುದರಿಂದ ಏನು ಪ್ರಯೋಜನ? ತೋಟದ ಗಿಡಗಳನ್ನು ಮೇಯುವ ಆಫ್ರಿಕಾದ ದೈತ್ಯ ಬಸವನಹುಳು ನಮ್ಮ ದೇಶದ್ದಲ್ಲ. ಅದರ ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ತಂದ ಹುಳುಗಳನ್ನು ಕೋಲ್ಕತ್ತದ ತೋಟವೊಂದರಲ್ಲಿ ಬಿಡಲಾಯಿತು. ಅಲ್ಲಿಂದ ಅದು ಹಬ್ಬಿತು. ಪಪ್ಪಾಯಿ, ಬಾಳೆ, ತರಕಾರಿ ಯಾವುದನ್ನೂ ಬಿಡದು. ಆದ್ದರಿಂದ ಕೃಷಿಕರು ಅದನ್ನು ಹೆಕ್ಕಿ ಉಪ್ಪುನೀರಿಗೆ ಹಾಕುತ್ತಾರೆ. ಆದರೆ ನಮ್ಮ ಕಾಡಿನ ಅನೇಕ ಬಸವನಹುಳುಗಳು ಕೊಳೆತ ಎಲೆ, ಪಾಚಿ ತಿಂದು ಬದುಕುವಂಥವು. ಗುರುತು ತಪ್ಪಿದರೆ ಅವೂ ಅದೇ ಬಕೆಟ್ಟಿಗೆ ಬೀಳುತ್ತವೆ!

ಗುರುತಿಸಲು ಮೊದಲು ನೋಡುವುದು ಚಿಪ್ಪನ್ನು. ಬೆಳೆದ ಆಫ್ರಿಕಾದ ಹುಳುವಿನ ಚಿಪ್ಪು ಶಂಕುವಿನಂತೆ ಉದ್ದ, ಕಂದು ಬಣ್ಣದ ಪಟ್ಟೆ, 7ರಿಂದ 9 ಸುರುಳಿ. ಇದನ್ನು ಗುರುತಿಸುವುದು ಸುಲಭ. ತೊಂದರೆ ಇರುವುದು ಮರಿಗಳಲ್ಲಿ. ಮರಿಯ ಚಿಪ್ಪಿಗೆ ಸುರುಳಿ ಕಡಿಮೆ, ಆಕಾರ ಗುಂಡಗೆ. ಬೇರೆ ಹುಳುವೆಂದೇ ತೋರುತ್ತದೆ. ಇನ್ನೊಂದು ವಿಷಯ: ಚಿಪ್ಪು ಆಗುವುದು ಸುಣ್ಣದಿಂದ. ಸುಣ್ಣದ ಅಂಶ ಕಡಿಮೆ ಇರುವ ಜಾಗದಲ್ಲಿ ಅದೇ ಹುಳುವಿನ ಚಿಪ್ಪು ತೆಳುವಾಗುತ್ತದೆ. (ಆಫ್ರಿಕಾದ ಹುಳು ಮನೆಯ ಗೋಡೆ ಹತ್ತುವುದೂ ಸುಣ್ಣ ಕೆರೆದು ತಿನ್ನಲಿಕ್ಕೆ!)

ಮೈಬಣ್ಣವನ್ನು ನಂಬೋಣವೇ? ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಇಂಡ್ರೆಲ್ಲಾ ಎಂಬ ಬಸವನಹುಳುವಿನ ಮೈ ಒಂದು ಕಡೆ ಹಳದಿ, ಇನ್ನೊಂದು ಕಡೆ ಕಡುಕೆಂಪು. ಆದರೂ ಪ್ರಭೇದ ಒಂದೇ.

ಹಾಗಾದರೆ ವಿಜ್ಞಾನಿಗಳು ಏನು ಮಾಡುತ್ತಾರೆ? ನಮ್ಮ ಕುಮಾರ ಪರ್ವತ ಇರುವ ಇದೇ ಘಟ್ಟಸಾಲಿನಲ್ಲಿ ಉತ್ತರಕ್ಕೆ ಹೋದರೆ ಆಗುಂಬೆ ಸಿಗುತ್ತದೆ. ಅಂಥ ಕಡೆ ಜಲಪಾತದ ಒದ್ದೆ ಬಂಡೆಗಳ ಮೇಲೆ ಕ್ರೆಮ್ನೋಕಾಂಕಸ್ ಎಂಬ ಪುಟ್ಟ ಬಸವನಹುಳುಗಳಿವೆ. ಇವುಗಳ ನೆಂಟರೆಲ್ಲ ಇರುವುದು ಸಮುದ್ರ ತೀರದಲ್ಲಿ! ಲಂಡನ್ನಿನ ಡೇವಿಡ್ ರೀಡ್, ಬೆಂಗಳೂರಿನ ಅರವಿಂದ್, ನಮ್ಮ ಕರಾವಳಿಯವರೇ ಆದ ಮಧ್ಯಸ್ಥ ಇವುಗಳ ಚಿಪ್ಪನ್ನಷ್ಟೇ ನೋಡಿ ಬಿಡಲಿಲ್ಲ. ನಾಲಗೆಯ ಮೇಲಿನ ಹಲ್ಲುಪಟ್ಟಿ, ದೇಹದೊಳಗಿನ ಅಂಗಗಳು, ಡಿ.ಎನ್.ಎ. ಎಲ್ಲವನ್ನೂ ಪರೀಕ್ಷಿಸಿದರು. 2013ರಲ್ಲಿ ಅವರು ಒಟ್ಟು 9 ಪ್ರಭೇದಗಳಿವೆ ಎಂದು ತಿಳಿಸಿದರು. ಅವುಗಳಲ್ಲಿ 6 ಹೊಸವು. ಒಂದಕ್ಕೆ ಆಗುಂಬೆಯ ಹೆಸರನ್ನೇ ಇಟ್ಟರು. ಎಲ್ಲವೂ ಒಂದೇ ಎಂದುಕೊಂಡಿದ್ದರೆ, ಒಂದು ತೊರೆ ಬತ್ತಿದಾಗ ಅಲ್ಲಿನ ಪ್ರಭೇದವೇ ಇಲ್ಲವಾದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಡಿ.ಎನ್.ಎ. ಎಂದರೆ ಜೀವಕೋಶದಲ್ಲಿರುವ ಬರಹ. ಅದರಲ್ಲಿ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಹುಳುವಿನ ಚೂರು ಮಾಂಸದಿಂದ ಇದನ್ನು ಓದಬಹುದು. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಒಂದು ಉಪಾಯ ಸೂಚಿಸಿದರು: ಇಡೀ ಬರಹ ಬೇಡ, ಒಂದೇ ಜೀನ್‌ನ ಸುಮಾರು 650 ಅಕ್ಷರ ಓದಿ ಹೋಲಿಸಿದರೆ ಸಾಕು. ಒಂದೇ ಪ್ರಭೇದದ ಹುಳುಗಳಲ್ಲಿ ಸಾಮಾನ್ಯವಾಗಿ ವ್ಯತ್ಯಾಸ ಕಡಿಮೆ, ಬೇರೆ ಪ್ರಭೇದವಾದರೆ ಹೆಚ್ಚು. ಮರಿಯಾದರೂ ಅಕ್ಷರ ಬದಲಾಗುವುದಿಲ್ಲ. ಆದರೆ ಇದೊಂದನ್ನೇ ನಂಬಿ ಹೊಸ ಹೆಸರು ಇಡುವುದು ಸರಿಯಲ್ಲ. ಚಿಪ್ಪು, ಅಂಗರಚನೆ, ಡಿ.ಎನ್.ಎ. ಮೂರೂ ಒಂದೇ ಸಾಕ್ಷಿ ಹೇಳಬೇಕು.

ನೀವೇ ಮಾಡಿ ನೋಡಿ: ತೋಟದಲ್ಲಿ ಬಿದ್ದಿರುವ ಖಾಲಿ ಚಿಪ್ಪುಗಳನ್ನು ಮಾತ್ರ ಕಡ್ಡಿಯಿಂದ ಹೆಕ್ಕಿ, ಸೋಪು ನೀರಿನಲ್ಲಿ ತೊಳೆಯಿರಿ. ಜೀವಂತ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದರಿಂದ ರೋಗ ತರುವ ಪರಾವಲಂಬಿ ಹುಳುಗಳು ಅಂಟಬಹುದು. ಪ್ರತಿ ಚಿಪ್ಪಿನ ಎತ್ತರ, ಅಗಲವನ್ನು ಸ್ಕೇಲಿನಿಂದ ಅಳೆಯಿರಿ, ಸುರುಳಿ ಎಣಿಸಿ. ಎತ್ತರವನ್ನು ಅಗಲದಿಂದ ಭಾಗಿಸಿ. ಒಂದಕ್ಕಿಂತ ಹೆಚ್ಚು ಬಂದರೆ ಚಿಪ್ಪು ಉದ್ದ, ಕಡಿಮೆ ಬಂದರೆ ಚಪ್ಪಟೆ. ನಿಮ್ಮ ಪಟ್ಟಿಯಲ್ಲಿ ಎಷ್ಟು ಗುಂಪುಗಳಾದವು? ಯಾವ ಚಿಪ್ಪನ್ನು ಎಲ್ಲಿ ಸೇರಿಸುವುದೆಂದು ತೋಚದಿದ್ದರೆ ಅದನ್ನು ಬೇರೆ ಡಬ್ಬಿಯಲ್ಲಿಟ್ಟು, ಸಿಕ್ಕಿದ ಜಾಗ ಮತ್ತು ತಾರೀಕು ಬರೆದಿಡಿ.