ಬೆಳೆ ವಿಮೆಯ ಪಾರಿಭಾಷಿಕ ಪದಗಳು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

‘ಕಂತು ಕಟ್ಟಿದ್ದೇನೆ, ಬೆಳೆ ಹಾಳಾಗಿದೆ, ಪರಿಹಾರ ಏಕೆ ಬಂದಿಲ್ಲ?’ ಗ್ರಾಮ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು. ಇದಕ್ಕೆ ಉತ್ತರವು ಅನೇಕ ಬಾರಿ ವಿಮಾ ನಿಯಮಗಳಲ್ಲಿನ ಕೆಲವೇ ಪದಗಳಲ್ಲಿ ಅಡಗಿರುತ್ತದೆ. ಆ ಪದಗಳ ಅರ್ಥವು ಬಿತ್ತನೆಗೆ ಮೊದಲೇ ತಿಳಿದಿದ್ದರೆ ರೈತನು ಸಕಾಲದಲ್ಲಿ ದೂರು ದಾಖಲಿಸಬಲ್ಲನು. ನಷ್ಟವಾದ ನಂತರ ತಿಳಿದರೆ ಅವಧಿ ಮೀರಿರುತ್ತದೆ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು 2016ರ ಮುಂಗಾರು ಹಂಗಾಮಿನಿಂದ ಜಾರಿಯಲ್ಲಿದ್ದು, ರಾಜ್ಯದಲ್ಲಿ ಇದನ್ನು ‘ಕರ್ನಾಟಕ ರೈತ ಸುರಕ್ಷಾ’ ಎಂಬ ಹೆಸರಿನೊಂದಿಗೆ ಅನುಷ್ಠಾನಗೊಳಿಸಲಾಗುತ್ತಿದೆ. ಈ ಯೋಜನೆಯಡಿ ಬಳಕೆಯಲ್ಲಿರುವ ಮುಖ್ಯ ಪದಗಳನ್ನು ಇಲ್ಲಿ ವಿವರಿಸಲಾಗಿದೆ.

1. ವಿಮಾ ಮೊತ್ತ ಮತ್ತು ವಿಮಾ ಕಂತು

ಒಂದು ಹೆಕ್ಟೇರ್ ಬೆಳೆ ಸಂಪೂರ್ಣ ನಷ್ಟವಾದರೆ ದೊರೆಯಬಹುದಾದ ಗರಿಷ್ಠ ಹಣವೇ ವಿಮಾ ಮೊತ್ತ. ವಿಮೆಗಾಗಿ ಪಾವತಿಸುವ ಹಣವೇ ವಿಮಾ ಕಂತು ಅಥವಾ ಪ್ರೀಮಿಯಂ. ಆಹಾರ ಧಾನ್ಯ ಹಾಗೂ ಎಣ್ಣೆಕಾಳು ಬೆಳೆಗಳಿಗೆ ರೈತನ ಪಾಲು ಮುಂಗಾರಿನಲ್ಲಿ ವಿಮಾ ಮೊತ್ತದ ಶೇ. 2ನ್ನು, ಹಿಂಗಾರಿನಲ್ಲಿ ಶೇ. 1.5ನ್ನು ಮೀರುವಂತಿಲ್ಲ, ವಾರ್ಷಿಕ ವಾಣಿಜ್ಯ ಹಾಗೂ ತೋಟಗಾರಿಕೆ ಬೆಳೆಗಳಿಗೆ ಈ ಮಿತಿ ಶೇ. 5. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ.

2. ವಿಮಾ ಘಟಕ

ಬೆಳೆ ನಷ್ಟವನ್ನು ಯಾವ ಪ್ರದೇಶಕ್ಕೆ ಒಟ್ಟಾಗಿ ಅಳೆಯಲಾಗುತ್ತದೆಯೋ ಅದೇ ವಿಮಾ ಘಟಕ. ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೂ ಇತರ ಬೆಳೆಗಳಿಗೆ ಹೋಬಳಿಯೂ ಘಟಕವಾಗಿರುತ್ತವೆ. ಇಳುವರಿ ಆಧಾರಿತ ಪರಿಹಾರವು ಒಬ್ಬ ರೈತನ ಹೊಲವನ್ನು ಆಧರಿಸಿ ನಿರ್ಧಾರವಾಗುವುದಿಲ್ಲ. ಘಟಕದ ಸರಾಸರಿಯನ್ನು ಆಧರಿಸಿ ನಿರ್ಧಾರವಾಗುತ್ತದೆ. ರೈತರಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಪದದ ಬಗ್ಗೆಯೇ.

3. ಪ್ರಾರಂಭಿಕ ಇಳುವರಿ ಮತ್ತು ವಾಸ್ತವಿಕ ಇಳುವರಿ

ಘಟಕದ ಹಿಂದಿನ 7 ವರ್ಷಗಳ ಪೈಕಿ ಅತ್ಯುತ್ತಮ 5 ವರ್ಷಗಳ ಇಳುವರಿಯ ಸರಾಸರಿಯನ್ನು ನಷ್ಟ ಭರ್ತಿ ಮಟ್ಟದಿಂದ (ಶೇ. 70, 80 ಅಥವಾ 90) ಗುಣಿಸಿದಾಗ ಪ್ರಾರಂಭಿಕ ಇಳುವರಿ ದೊರೆಯುತ್ತದೆ. ಪ್ರಸಕ್ತ ಹಂಗಾಮಿನ ಬೆಳೆ ಕಟಾವು ಪ್ರಯೋಗಗಳಿಂದ ಲೆಕ್ಕ ಹಾಕುವ ಸರಾಸರಿಯೇ ವಾಸ್ತವಿಕ ಇಳುವರಿ. ಇದು ಪ್ರಾರಂಭಿಕ ಇಳುವರಿಗಿಂತ ಕಡಿಮೆಯಾದಾಗ ಮಾತ್ರ ಪರಿಹಾರ ಲಭ್ಯ.

ಉದಾಹರಣೆಗೆ, ಒಂದು ಪಂಚಾಯಿತಿಯಲ್ಲಿ ಮುಸುಕಿನ ಜೋಳದ 7 ವರ್ಷಗಳ ಇಳುವರಿ ಹೆಕ್ಟೇರಿಗೆ 27, 12, 26, 24, 9, 25 ಮತ್ತು 23 ಕ್ವಿಂಟಾಲ್ ಎಂದು ಭಾವಿಸೋಣ. ಬರದ ಎರಡು ವರ್ಷಗಳ 12 ಮತ್ತು 9ನ್ನು ಬಿಟ್ಟರೆ ಉಳಿದ ಐದರ ಸರಾಸರಿ 25. ನಷ್ಟ ಭರ್ತಿ ಮಟ್ಟ ಶೇ. 80 ಆದರೆ ಪ್ರಾರಂಭಿಕ ಇಳುವರಿ 20 ಕ್ವಿಂಟಾಲ್. ಈ ವರ್ಷದ ವಾಸ್ತವಿಕ ಇಳುವರಿ 15 ಕ್ವಿಂಟಾಲ್ ಆಗಿದ್ದರೆ ಕೊರತೆ 5, ಅಂದರೆ 20ರ ಕಾಲು ಭಾಗ. ವಿಮಾ ಮೊತ್ತ ರೂ. 60,000 ಇದ್ದಲ್ಲಿ ಘಟಕದ ಪ್ರತಿ ವಿಮಾದಾರ ರೈತನಿಗೂ ಹೆಕ್ಟೇರಿಗೆ ರೂ. 15,000 ದೊರೆಯುತ್ತದೆ. ಆತ ಪಾವತಿಸಿದ ಕಂತು ರೂ. 1,200.

ಅದೇ ವಾಸ್ತವಿಕ ಇಳುವರಿ 21 ಕ್ವಿಂಟಾಲ್ ಆಗಿದ್ದರೆ, ತನ್ನ ಹೊಲದಲ್ಲಿ ಕೇವಲ 5 ಕ್ವಿಂಟಾಲ್ ಬೆಳೆದ ರೈತನಿಗೂ ಈ ಲೆಕ್ಕದಲ್ಲಿ ಏನೂ ದೊರೆಯುವುದಿಲ್ಲ. ಆತನಿಗೆ ಉಳಿಯುವ ದಾರಿಯನ್ನು ಮುಂದಿನ ಎರಡು ಪದಗಳು ತಿಳಿಸುತ್ತವೆ.

4. ಸ್ಥಳ ನಿರ್ದಿಷ್ಟ ಪ್ರಕೃತಿ ವಿಕೋಪ

ಆಲಿಕಲ್ಲು ಮಳೆ, ಭೂಕುಸಿತ ಮೊದಲಾದ, ಅಧಿಸೂಚನೆಯಲ್ಲಿ ಹೆಸರಿಸಲಾದ ವಿಕೋಪಗಳಿಂದ ಕೆಲವೇ ಹೊಲಗಳಿಗೆ ಹಾನಿಯಾದಲ್ಲಿ ಆಯಾ ಹೊಲವನ್ನೇ ಪರಿಶೀಲಿಸಿ ಪರಿಹಾರ ನಿರ್ಧರಿಸಲಾಗುತ್ತದೆ. ಇದಕ್ಕೆ ಹಾನಿಯಾದ 72 ಗಂಟೆಗಳೊಳಗೆ ಮಾಹಿತಿ ನೀಡುವುದು ಕಡ್ಡಾಯ. ವಿಮಾ ಸಂಸ್ಥೆ, ಬ್ಯಾಂಕ್, ಕೃಷಿ ಇಲಾಖೆ ಅಥವಾ 14447 ಸಹಾಯವಾಣಿಗೆ ತಿಳಿಸಬಹುದು.

5. ಕಟಾವಿನ ನಂತರದ ನಷ್ಟ

ಕಟಾವು ಮಾಡಿ ಒಣಗಲೆಂದು ಹೊಲದಲ್ಲಿಯೇ ಹರಡಿದ ಬೆಳೆಯು ಕಟಾವಿನಿಂದ 14 ದಿನಗಳೊಳಗೆ ಅಕಾಲಿಕ ಮಳೆ ಅಥವಾ ಚಂಡಮಾರುತದ ಮಳೆಗೆ ಸಿಲುಕಿದರೆ ಈ ರಕ್ಷಣೆ ಅನ್ವಯವಾಗುತ್ತದೆ. ಇಲ್ಲಿಯೂ 72 ಗಂಟೆಗಳ ನಿಯಮವಿದೆ.

6. ಬಿತ್ತನೆ ವೈಫಲ್ಯ

ಪ್ರತಿಕೂಲ ಹವಾಮಾನದಿಂದ ಘಟಕದ ಸಾಮಾನ್ಯ ಬಿತ್ತನೆ ಪ್ರದೇಶದ ಶೇ. 75ಕ್ಕಿಂತ ಹೆಚ್ಚು ಭಾಗ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಶೇ. 25ರಷ್ಟು ಪರಿಹಾರ ನೀಡಲಾಗುತ್ತದೆ. ಅಲ್ಲಿಗೆ ಆ ಹಂಗಾಮಿನ ವಿಮೆ ಮುಕ್ತಾಯವಾಗುತ್ತದೆ.

ಅಡಿಕೆ, ಕಾಳುಮೆಣಸಿನಂತಹ ಬೆಳೆಗಳು ಹವಾಮಾನ ಆಧಾರಿತ ವಿಮೆಯಡಿ ಬರುತ್ತವೆ. ಅಲ್ಲಿ ಇಳುವರಿಯ ಬದಲು ಮಳೆ, ಉಷ್ಣಾಂಶ ಮುಂತಾದ ಹವಾಮಾನ ದಾಖಲೆಗಳೇ ಆಧಾರವಾಗಿರುವುದರಿಂದ ಮೇಲಿನ ಲೆಕ್ಕವನ್ನು ಅವುಗಳಿಗೆ ಅನ್ವಯಿಸಬಾರದು.

ಸದಸ್ಯರ ಪಾತ್ರ

ಗ್ರಾಮ ಪಂಚಾಯಿತಿ ಘಟಕದಲ್ಲಿ ಪ್ರತಿ ಮುಖ್ಯ ಬೆಳೆಗೆ ಕನಿಷ್ಠ 4 ಕಟಾವು ಪ್ರಯೋಗಗಳನ್ನು ನಡೆಸಲಾಗುತ್ತದೆ. ಇಡೀ ಪಂಚಾಯಿತಿಯ ರೈತರ ಪರಿಹಾರ ಈ ನಾಲ್ಕು ಹೊಲಗಳ ತೂಕವನ್ನು ಅವಲಂಬಿಸಿರುತ್ತದೆ. ಆದುದರಿಂದ ಪ್ರಯೋಗದ ದಿನಾಂಕವನ್ನು ಮುಂಚಿತವಾಗಿ ತಿಳಿದು, ಆಯಾ ವಾರ್ಡಿನ ಸದಸ್ಯರು ಮತ್ತು ರೈತರು ಸ್ಥಳದಲ್ಲಿ ಹಾಜರಿದ್ದು, ಅಳತೆ ಹಾಗೂ ತೂಕವನ್ನು ಕಣ್ಣಾರೆ ನೋಡುವುದು ಅಗತ್ಯ. ಪರಿಹಾರ ಬರಲೆಂದು ತೂಕ ತಗ್ಗಿಸಲು ಒತ್ತಡ ಹೇರುವುದು ತಪ್ಪು. ಅಂತೆಯೇ ಹೊಲಕ್ಕೆ ಹೋಗದೆ ಅಂಕಿ ಬರೆಯುವುದಕ್ಕೆ ಅವಕಾಶ ನೀಡುವುದೂ ತಪ್ಪು.

ವಿಮೆ ಮಾಡಿಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಬೇರೆ ಬೇರೆಯಾದರೆ ಅರ್ಜಿ ತಿರಸ್ಕೃತವಾಗಬಹುದು. ಎರಡನ್ನೂ ಹೋಲಿಸಿ ನೋಡುವಂತೆ ರೈತರಿಗೆ ತಿಳಿಸಬೇಕು. 2020ರ ಮುಂಗಾರಿನಿಂದ ಸಾಲ ಪಡೆದ ರೈತರಿಗೂ ವಿಮೆ ಐಚ್ಛಿಕವಾಗಿದೆ. ಆದರೆ ಬೇಡವೆನ್ನುವವರು ನೋಂದಣಿಯ ಕೊನೆಯ ದಿನಕ್ಕೆ 7 ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಇಲ್ಲವಾದಲ್ಲಿ ಕಂತು ಕಡಿತವಾಗುತ್ತದೆ.

ಪ್ರತಿ ಹಂಗಾಮಿನ ಆರಂಭದಲ್ಲಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಐದು ವಿವರಗಳನ್ನು ಬರೆಸುವುದು ಸೂಕ್ತ: ಅಧಿಸೂಚಿತ ಬೆಳೆಗಳು, ಪ್ರತಿ ಬೆಳೆಯ ವಿಮಾ ಘಟಕ, ರೈತನ ಪಾಲಿನ ಕಂತು, ನೋಂದಣಿಯ ಕೊನೆಯ ದಿನಾಂಕ ಮತ್ತು ವಿಮಾ ಸಂಸ್ಥೆಯ ದೂರವಾಣಿ ಸಂಖ್ಯೆ. ಅದರ ಕೆಳಗೆ ‘72 ಗಂಟೆ’ ಎಂದು ದೊಡ್ಡ ಅಕ್ಷರಗಳಲ್ಲಿರಲಿ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯಲ್ಲಿ ಯಾವ ಬೆಳೆಗಳಿಗೆ ಪಂಚಾಯಿತಿಯೇ ವಿಮಾ ಘಟಕವಾಗಿದೆ?
2. ಆ ಬೆಳೆಗಳ ಪ್ರಾರಂಭಿಕ ಇಳುವರಿ ಎಷ್ಟು?
3. ಭಾನುವಾರ ಸಂಜೆ ಆಲಿಕಲ್ಲು ಮಳೆಯಾದರೆ ರೈತನು ಯಾವ ದಿನದ, ಎಷ್ಟು ಹೊತ್ತಿನೊಳಗೆ ಮಾಹಿತಿ ನೀಡಬೇಕು?