ಗೆರೆ ಎಲ್ಲಿ ಎಳೆಯಬೇಕು? ಮೂರು ನೆರೆ ದೇಶಗಳ ವಿಶೇಷ ಶಿಕ್ಷಣ ನೀತಿ

ಎಂಟು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಅಪ್ಪ ಅಮ್ಮ ಹಾಸನದವರು, ಕೆಲಸದ ಮೇಲೆ ಬ್ರಿಟನ್‌ಗೆ ಹೋಗಿದ್ದಾರೆ. ಹುಡುಗನಿಗೆ ಲೆಕ್ಕ ಚೆನ್ನಾಗಿ ಬರುತ್ತೆ, ಕನ್ನಡ ಪಟಪಟ ಅಂತ ಮಾತಾಡ್ತಾನೆ. ಇಂಗ್ಲಿಷ್ ಮಾತ್ರ ಇನ್ನೂ ಬರಲ್ಲ. ಟೀಚರ್ ಹೇಳಿದ್ದು ಅರ್ಥವಾಗದೆ ಕ್ಲಾಸಿನಲ್ಲಿ ಸುಮ್ಮನೆ ಕೂತಿರ್ತಾನೆ. ಇವನನ್ನು ‘ಕಲಿಕೆಗೆ ಹೆಚ್ಚಿನ ನೆರವು ಬೇಕಾದ ಮಗು’ ಅಂತ ಅಲ್ಲಿನ ಕಾನೂನು ಲೆಕ್ಕಕ್ಕೆ ತಗೊಳ್ಳುತ್ತಾ?

ಉತ್ತರ ಅವನ ಮನೆ ಎಲ್ಲಿದೆ ಅನ್ನೋದರ ಮೇಲಿದೆ. ಇಂಗ್ಲೆಂಡಿನ ಕಾರ್ಲೈಲ್ ಊರಿನಲ್ಲಿದ್ದರೆ, ಇಲ್ಲ. ಅಲ್ಲಿಂದ ಸುಮಾರು 15 ಕಿಲೋಮೀಟರ್ ಉತ್ತರಕ್ಕೆ, ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾಕ್ಕೆ ಮನೆ ಬದಲಾಯಿಸಿದರೆ, ಹೌದು. ಹುಡುಗ ಅವನೇ, ಅವನ ಕಷ್ಟವೂ ಅದೇ. ಬದಲಾಗಿದ್ದು ಕಾನೂನು ಎಳೆದ ಗೆರೆ.

ನಾವು ‘ಬ್ರಿಟನ್’ ಅಂತ ಒಂದೇ ಹೆಸರಿನಲ್ಲಿ ಕರೆದುಬಿಡ್ತೀವಿ. ಆದರೆ ಅದರೊಳಗಿನ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಶಿಕ್ಷಣದ ಕಾನೂನು ಬೇರೆ ಬೇರೆ. ಈ ಲೇಖನದಲ್ಲಿ ಮೊದಲ ಮೂರನ್ನು ಮಾತ್ರ ಹೋಲಿಸಿ ನೋಡೋಣ.

ಬೇರು ಒಂದೇ

1944ರ ಶಿಕ್ಷಣ ಕಾಯ್ದೆಯ ಕಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಕ್ಕಳನ್ನು ಕುರುಡು, ಕಿವುಡು, ‘ಬುದ್ಧಿಮಟ್ಟ ಕಡಿಮೆ’ ಎಂಬಂಥ ವೈದ್ಯಕೀಯ ಪಟ್ಟಿಗಳಲ್ಲಿ ಹಾಕಿ, ಅದಕ್ಕೆ ತಕ್ಕ ಶಾಲೆಗೆ ಕಳಿಸುತ್ತಿದ್ದರು. ತೀವ್ರ ವೈಕಲ್ಯ ಇದ್ದವರನ್ನು ‘ಕಲಿಸಲು ಆಗದವರು’ ಅಂತ ಶಾಲೆಯಿಂದಲೇ ಹೊರಗಿಟ್ಟಿದ್ದರು. ಅದನ್ನು ನಿಲ್ಲಿಸಿದ್ದು 1970ರ ಕಾನೂನು.

ಆಮೇಲೆ ತತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್ ಅವರ ನೇತೃತ್ವದ ಸಮಿತಿ 1978ರಲ್ಲಿ ವರದಿ ಕೊಟ್ಟಿತು. ಮೂರೂ ದೇಶಗಳಿಗೆ ಸೇರಿದ ವರದಿ ಅದು. ಅದರ ಮುಖ್ಯ ಮಾತು ಸರಳ: ‘ಈ ಮಗುವಿಗೆ ಯಾವ ಕಾಯಿಲೆ’ ಅಂತ ಕೇಳಬೇಡಿ, ‘ಈ ಮಗುವಿಗೆ ಕಲಿಯೋಕೆ ಏನು ಬೇಕು’ ಅಂತ ಕೇಳಿ. ಹಾಗೆ ಕೇಳಿದರೆ 5ರಲ್ಲಿ 1 ಮಗುವಿಗೆ ಶಾಲಾ ಜೀವನದ ಯಾವುದೋ ಒಂದು ಹಂತದಲ್ಲಿ ವಿಶೇಷ ನೆರವು ಬೇಕಾಗುತ್ತದೆ ಅಂತ ಸಮಿತಿ ಅಂದಾಜು ಮಾಡಿತು. ಆಗ ವಿಶೇಷ ಶಾಲೆಗಳಲ್ಲಿ ಇದ್ದದ್ದು ಸುಮಾರು ಶೇ. 2ರಷ್ಟು ಮಕ್ಕಳು ಮಾತ್ರ.

ಇಲ್ಲೇ ಸಮಸ್ಯೆ ಶುರು. ಆ ಶೇ. 20ಕ್ಕೂ ಈ ಶೇ. 2ಕ್ಕೂ ನಡುವೆ ಇರುವ ಮಕ್ಕಳಿಗೆ ಸರ್ಕಾರ ಕೊಡುವ ಭರವಸೆ ಏನು? ಈ ಪ್ರಶ್ನೆಗೆ ಮೂರು ದೇಶಗಳು ಮೂರು ಉತ್ತರ ಕೊಟ್ಟಿವೆ.

ಇಂಗ್ಲೆಂಡ್: ಗೆರೆ ಎತ್ತರ, ಭರವಸೆ ಗಟ್ಟಿ

ಇಂಗ್ಲೆಂಡಿನ ಈಗಿನ ಕಾನೂನು 2014ರದ್ದು. ಇದರಲ್ಲಿ ಎರಡು ಮೆಟ್ಟಿಲು. ಮೊದಲನೆಯದು ಶಾಲೆ ತನ್ನ ಮಟ್ಟದಲ್ಲೇ ಕೊಡುವ ನೆರವು. ಎರಡನೆಯದು ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಬರೆಯುವ ‘ಇಎಚ್‌ಸಿ ಪ್ಲಾನ್’. ಮಗುವಿಗೆ ವಾರಕ್ಕೆ ಇಷ್ಟು ಗಂಟೆ ಸ್ಪೀಚ್ ಥೆರಪಿ ಬೇಕು ಅಂತ ಅದರಲ್ಲಿ ಬರೆದಿದ್ದರೆ ಸ್ಥಳೀಯ ಆಡಳಿತ ಕೊಡಲೇಬೇಕು. ದುಡ್ಡಿಲ್ಲ ಅನ್ನೋ ಹಾಗಿಲ್ಲ. ಬೇಕಾದರೆ 25 ವರ್ಷದವರೆಗೂ ಇದು ಮುಂದುವರಿಯಬಹುದು.

2025ರ ಜನವರಿಯ ಲೆಕ್ಕದಲ್ಲಿ ಮೊದಲ ಮೆಟ್ಟಿಲಲ್ಲಿ ಸುಮಾರು ಶೇ. 14, ಎರಡನೆಯದರಲ್ಲಿ ಸುಮಾರು ಶೇ. 5ರಷ್ಟು ವಿದ್ಯಾರ್ಥಿಗಳಿದ್ದಾರೆ. ಗಟ್ಟಿ ಭರವಸೆ ಇರೋದು ಮೇಲಿನ ಮೆಟ್ಟಿಲಲ್ಲಿ ಮಾತ್ರ. ಹಾಗಾಗಿ ಎಲ್ಲರೂ ಅಲ್ಲಿಗೆ ಹತ್ತೋಕೆ ನೋಡ್ತಾರೆ. 2015ರಲ್ಲಿ ಸುಮಾರು 2.4 ಲಕ್ಷ ಇದ್ದ ಪ್ಲಾನ್‌ಗಳು 10 ವರ್ಷದಲ್ಲಿ 6 ಲಕ್ಷ ದಾಟಿವೆ. ಅರ್ಜಿ ಹಾಕಿದ 20 ವಾರದೊಳಗೆ ಪ್ಲಾನ್ ಕೊಡಬೇಕು ಅಂತ ನಿಯಮ. 2023ರಲ್ಲಿ ಆ ಗಡುವಿನೊಳಗೆ ಬಂದದ್ದು ಸುಮಾರು ಅರ್ಧದಷ್ಟು. ಅರ್ಜಿ ತಿರಸ್ಕಾರವಾದರೆ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ತೀರ್ಪಿನವರೆಗೂ ಹೋದ ಪ್ರಕರಣಗಳಲ್ಲಿ ಶೇ. 95ಕ್ಕಿಂತ ಹೆಚ್ಚು ಕಡೆ ಪೋಷಕರ ಪರವಾಗಿಯೇ ತೀರ್ಪು ಬರುತ್ತಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಕಾನೂನು ಓದಿ, ಫಾರ್ಮ್ ತುಂಬಿ, ತಿಂಗಳುಗಟ್ಟಲೆ ಅಲೆಯೋಕೆ ಆಗದ ಅಪ್ಪ ಅಮ್ಮನ ಮಗು ಏನಾಗಬೇಕು?

ಈ ಪ್ಲಾನ್‌ಗಿಂತ ಮೊದಲಿದ್ದ ‘ಸ್ಟೇಟ್‌ಮೆಂಟ್’ ವ್ಯವಸ್ಥೆ ವಾರ್ನಾಕ್ ವರದಿಯಿಂದಲೇ ಹುಟ್ಟಿದ್ದು. ಅದನ್ನು ಹೊಸದಾಗಿ ಪರಿಶೀಲಿಸಬೇಕು ಅಂತ ಸ್ವತಃ ವಾರ್ನಾಕ್ ಅವರೇ 2005ರಲ್ಲಿ ವಾದಿಸಿದರು.

ಸ್ಕಾಟ್ಲೆಂಡ್: ಗೆರೆ ಅಗಲ, ಭರವಸೆ ಸಡಿಲ

ಸ್ಕಾಟ್ಲೆಂಡ್ 2004ರಲ್ಲಿ ಬೇರೆ ದಾರಿ ಹಿಡಿಯಿತು. ‘ವಿಶೇಷ’ ಅನ್ನೋ ಪದವನ್ನೇ ಬಿಟ್ಟು ‘ಹೆಚ್ಚುವರಿ ಬೆಂಬಲದ ಅಗತ್ಯ’ ಅಂತ ಕರೆಯಿತು. ಕಾರಣ ಏನೇ ಇರಲಿ, ಕಲಿಯೋಕೆ ಹೆಚ್ಚಿನ ಬೆಂಬಲ ಬೇಕಾದರೆ ಆ ಮಗು ಲೆಕ್ಕಕ್ಕೆ ಸೇರುತ್ತೆ. ಡಿಸ್ಲೆಕ್ಸಿಯಾ ಇರಬಹುದು, ಮನೆಯಲ್ಲಿ ಸಾವಾಗಿರಬಹುದು, ಕಾಯಿಲೆಯ ಅಮ್ಮನನ್ನು ಮಗುವೇ ನೋಡಿಕೊಳ್ಳುತ್ತಿರಬಹುದು, ಅಥವಾ ನಮ್ಮ ಹಾಸನದ ಹುಡುಗನ ಹಾಗೆ ಇಂಗ್ಲಿಷ್ ಬರದೇ ಇರಬಹುದು. ಇಂಗ್ಲೆಂಡಿನ ಕಾನೂನಾದರೋ, ಮನೆಮಾತು ಬೇರೆ ಅನ್ನೋ ಒಂದೇ ಕಾರಣಕ್ಕೆ ಕಲಿಕೆಯ ತೊಂದರೆ ಇದೆ ಅಂತ ಪರಿಗಣಿಸಬಾರದು ಅಂತ ಸ್ಪಷ್ಟವಾಗಿ ಹೇಳುತ್ತದೆ.

ಫಲಿತಾಂಶ ಏನು? 2024ರಲ್ಲಿ ಸ್ಕಾಟ್ಲೆಂಡಿನ ಸುಮಾರು ಶೇ. 40ರಷ್ಟು ವಿದ್ಯಾರ್ಥಿಗಳು ಈ ಲೆಕ್ಕದಲ್ಲಿದ್ದರು. 10 ಜನರಲ್ಲಿ 4 ಜನ ಇದ್ದ ಮೇಲೆ ‘ಇವನು ಬೇರೆ’ ಅಂತ ಬೆರಳು ಮಾಡೋದು ಕಷ್ಟ. ಇದು ದೊಡ್ಡ ಲಾಭ. ಆದರೆ ಇಂಗ್ಲೆಂಡಿನ ಪ್ಲಾನ್‌ನಂಥ ಗಟ್ಟಿ ಕಾನೂನುಬದ್ಧ ದಾಖಲೆ, ಅಂದ್ರೆ ‘ಸಮನ್ವಯ ಬೆಂಬಲ ಯೋಜನೆ’, ಶೇ. 1ರಷ್ಟು ಮಕ್ಕಳಿಗೂ ಇಲ್ಲ. ಉಳಿದವರಿಗೆ ಸಾಕಷ್ಟು ನೆರವು ಕೊಡುವ ಕರ್ತವ್ಯ ಆಡಳಿತದ ಮೇಲೆ ಇದ್ದೇ ಇದೆ. ಆದರೆ ‘ಸಾಕಷ್ಟು’ ಅಂದ್ರೆ ಎಷ್ಟು ಅನ್ನೋದು ಆ ಊರಿನ ಬಜೆಟ್ಟು, ಆ ಶಾಲೆಯ ಟೀಚರ್‌ಗಳ ಸಂಖ್ಯೆ ನೋಡಿಕೊಂಡು ಬದಲಾಗುತ್ತೆ.

ವೇಲ್ಸ್: ಮೆಟ್ಟಿಲೇ ಬೇಡ

ವೇಲ್ಸ್ 2018ರಲ್ಲಿ ಹೊಸ ಕಾನೂನು ತಂದು, 2021ರ ಸೆಪ್ಟೆಂಬರ್‌ನಿಂದ ಹಂತ ಹಂತವಾಗಿ ಜಾರಿ ಮಾಡಿತು. ಹಳೇ ಮೆಟ್ಟಿಲುಗಳನ್ನೆಲ್ಲ ತೆಗೆದುಹಾಕಿ, ನೆರವು ಬೇಕಾದ ಪ್ರತಿ ಮಗುವಿಗೂ ಒಂದೇ ಬಗೆಯ ‘ಐಡಿಪಿ’, ಅಂದ್ರೆ ವೈಯಕ್ತಿಕ ಅಭಿವೃದ್ಧಿ ಯೋಜನೆ. ಹುಟ್ಟಿನಿಂದ 25 ವರ್ಷದವರೆಗೆ, ಎಲ್ಲರಿಗೂ ಕಾನೂನಿನ ಬಲ. ನಮ್ಮ ಕನ್ನಡ ಸಂಘದವರು ಗಮನಿಸಬೇಕಾದ ಇನ್ನೊಂದು ಅಂಶ ಇದೆ. ಮಗುವಿಗೆ ಆ ನೆರವನ್ನು ವೆಲ್ಷ್ ಭಾಷೆಯಲ್ಲಿ ಕೊಡಬೇಕಾ ಅನ್ನೋದನ್ನು ಯೋಜನೆ ಬರೆಯುವಾಗಲೇ ತೀರ್ಮಾನಿಸಬೇಕು.

ಓದಿದರೆ ಇದೇ ಸರಿಯಾದ ಉತ್ತರ ಅನ್ನಿಸುತ್ತೆ. ಆದರೆ ಎಲ್ಲರಿಗೂ ಗಟ್ಟಿ ಭರವಸೆ ಕೊಡಬೇಕು ಅಂದ ತಕ್ಷಣ ‘ಎಲ್ಲರೂ’ ಅಂದ್ರೆ ಯಾರು ಅನ್ನೋದು ಕುಗ್ಗಿತು. ಮೊದಲು ಶೇ. 20ರ ಆಸುಪಾಸಿನಲ್ಲಿದ್ದ ಸಂಖ್ಯೆ 2024ರ ಹೊತ್ತಿಗೆ ಸುಮಾರು ಶೇ. 11ಕ್ಕೆ ಇಳಿಯಿತು. ಕಾನೂನಿನಲ್ಲಿನ ವ್ಯಾಖ್ಯೆ ಹೆಚ್ಚುಕಡಿಮೆ ಹಳೆಯದೇ. ಸಣ್ಣಪುಟ್ಟ ನೆರವು ಬೇಕಾದವರನ್ನು ‘ಇದು ಮಾಮೂಲಿ ಬೋಧನೆಯಲ್ಲೇ ಆಗುತ್ತೆ’ ಅಂತ ಪಟ್ಟಿಯಿಂದ ಬಿಟ್ಟಿದ್ದು ಇದಕ್ಕೆ ಒಂದು ಮುಖ್ಯ ಕಾರಣ.

ಒಟ್ಟಾರೆ ಅರ್ಥ ಆಗೋದೇನು?

ಶೇ. 19, ಶೇ. 40, ಶೇ. 11. ಈ ಮೂರು ನೆರೆ ದೇಶಗಳ ಮಕ್ಕಳ ಮಿದುಳು ಅಷ್ಟೊಂದು ಬೇರೆ ಇರೋಕೆ ಸಾಧ್ಯವಿಲ್ಲ. ಈ ಅಂಕಿಗಳು ಅಳೆಯುತ್ತಿರೋದು ಮಕ್ಕಳನ್ನಲ್ಲ, ಥ್ರೆಶೋಲ್ಡ್ ಅನ್ನು. ಗೆರೆಯ ಜೊತೆ ಎಷ್ಟು ಗಟ್ಟಿ ಭರವಸೆ ಕಟ್ಟಿದ್ದಾರೆ ಅನ್ನೋದನ್ನು ನೋಡಿಕೊಂಡು ಆ ಗೆರೆಯೂ ಜಾಗ ಬದಲಿಸುತ್ತೆ. ಆದ್ದರಿಂದ ಯಾವುದೇ ನೀತಿಯನ್ನು ಓದುವಾಗ ಎರಡು ಪ್ರಶ್ನೆ ಒಟ್ಟಿಗೆ ಕೇಳಬೇಕು: ಯಾರು ಲೆಕ್ಕಕ್ಕೆ ಬರ್ತಾರೆ? ಬಂದವರಿಗೆ ಕೈಗೆ ಸಿಗೋದೇನು?

ಇದು ದೂರದ ದೇಶದ ಕಥೆ ಮಾತ್ರ ಅಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಒಂದು ಗೆರೆ ಇದೆ: ಶೇ. 40ರಷ್ಟು ವೈಕಲ್ಯ. ಕೈ ಸೆಳೆತದಂಥ ಬರವಣಿಗೆಯ ತೊಂದರೆ ಇದ್ದ ಒಬ್ಬ ಅಭ್ಯರ್ಥಿಗೆ ಈ ಗೆರೆ ಮುಟ್ಟಲಿಲ್ಲ ಅಂತ ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ನಿರಾಕರಿಸಲಾಗಿತ್ತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂತು. ಶೇ. 40ರ ಗೆರೆ ಮೀಸಲಾತಿಯಂಥ ಸೌಲಭ್ಯಗಳಿಗೆ ಇರೋದು, ಪರೀಕ್ಷೆ ಬರೆಯೋಕೆ ಬೇಕಾದ ಅನುಕೂಲಕ್ಕೆ ಆ ಗೆರೆ ಅಡ್ಡ ಬರಬಾರದು ಅಂತ ತೀರ್ಪು ಕೊಟ್ಟಿತು. 2022ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಪ್ರತ್ಯೇಕ ಮಾರ್ಗಸೂಚಿಯನ್ನೂ ಹೊರಡಿಸಿತು.

ಮೂರು ಗಂಟೆಯ ಸೆಮಿಸ್ಟರ್ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬರೆದು ಮುಗಿಸಲಾಗದವರು ನಮ್ಮ ಬೆಂಚಿನಲ್ಲೂ ಇರಬಹುದು. ಅವರನ್ನು ‘ಸ್ಲೋ’ ಅಂತ ಕರೆದು ಸುಮ್ಮನಾಗೋ ಮೊದಲು ಈ ತೀರ್ಪಿನ ವಿಷಯ ಅವರಿಗೆ ಹೇಳೋಣ. ವೈದ್ಯರ ಸರ್ಟಿಫಿಕೇಟ್ ಬೇಕಾಗುತ್ತೆ, ಅರ್ಜಿ ಪರೀಕ್ಷೆಗೆ ಮುಂಚೆಯೇ ಹಾಕಬೇಕಾಗುತ್ತೆ. ಆ ಓಡಾಟಕ್ಕೆ ಜೊತೆಗೆ ಹೋಗೋದು ನಮ್ಮ ಕೈಯಲ್ಲಿದೆ.