ಗಾಜಿನ ತೊಟ್ಟಿಗೆ ಅಷ್ಟಪದಿಯನ್ನು ತರುವ ಮುನ್ನ



ನೌಪಾಡಾದ ನಮ್ಮವರ ಮನೆಗಳಲ್ಲಿ ಅಲ್ಲಲ್ಲಿ ಬಣ್ಣದ ಮೀನಿನ ಗಾಜಿನ ತೊಟ್ಟಿ ಇರುವುದುಂಟು. ದಿನವಿಡೀ ದುಡಿದು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತು ಮನೆ ಸೇರಿದವನಿಗೆ ಅದರ ಮುಂದೆ ಹತ್ತು ನಿಮಿಷ ಕುಳಿತರೆ ಮನಸ್ಸು ತಿಳಿಯಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮೀನಿನಿಂದ ತೃಪ್ತಿಯಾಗದೆ, ಅಷ್ಟಪದಿಯನ್ನು ತಂದು ಸಾಕಬೇಕು, ಸಾಧ್ಯವಾದರೆ ಮರಿ ಮಾಡಿಸಬೇಕು ಎಂಬ ಆಸೆಯೂ ಕೆಲವರಿಗೆ ಹುಟ್ಟುತ್ತದೆ. ಅಂಥವರು ಹಣ ಕೊಡುವ ಮೊದಲು ಎರಡು ಲೆಕ್ಕ ಮಾಡಬೇಕು. ಒಂದು ಕಾಸಿನ ಲೆಕ್ಕ, ಇನ್ನೊಂದು ಧರ್ಮದ ಲೆಕ್ಕ.

ಪ್ರಾಣಿಯ ಪರಿಚಯ

ಆಕ್ಟೋಪಸ್ ಎಂದು ಕರೆಯುವ ಅಷ್ಟಪದಿ, ಮಂಗಳೂರು ಮಲ್ಪೆಗಳ ಬೊಂಡಾಸ, ಕಪ್ಪೆ ಬೊಂಡಾಸ, ಇವೆಲ್ಲ ಒಂದೇ ಕುಲದವು. ಇವುಗಳಿಗೆ ಶೀರ್ಷಪಾದಿಗಳೆಂದು ಹೆಸರು. ಅಂದರೆ ತಲೆಗೇ ಕಾಲು ಹುಟ್ಟಿದವು. ಗಿಣಿಯ ಪಂಜರದಲ್ಲಿ ಕಟ್ಟುವ ಬಿಳಿಯ ಸಮುದ್ರಫೇನವು ನಿಜಕ್ಕೂ ನೊರೆಯಲ್ಲ, ಕಪ್ಪೆ ಬೊಂಡಾಸದ ಒಳಚಿಪ್ಪು. ಇವು ಮೀನುಗಳಲ್ಲ, ಬಸವನಹುಳು ಮತ್ತು ಮರುವಾಯಿಗಳ ಬಂಧುಗಳು. ಮೂರು ಹೃದಯ, ನೀಲಿ ರಕ್ತ.

ಸಾಮಾನ್ಯ ಅಷ್ಟಪದಿಗೆ ಸುಮಾರು 50 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೋಳುಗಳಲ್ಲಿಯೇ ಇವೆ. ಅದು ಸೀಸೆಯ ಮುಚ್ಚಳ ತಿರುಗಿಸಿ ಏಡಿಯನ್ನು ತೆಗೆಯಬಲ್ಲದು. ಮೈಯಲ್ಲಿ ಎಲುಬಿಲ್ಲದ ಕಾರಣ ಸಣ್ಣ ಸಂದಿಯಲ್ಲಿಯೂ ನುಸುಳಬಲ್ಲದು. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ಮತ್ಸ್ಯಾಲಯದಿಂದ ‘ಇಂಕಿ’ ಎಂಬ ಅಷ್ಟಪದಿ ತೊಟ್ಟಿಯಿಂದ ಹೊರಬಂದು, ನೆಲದ ಮೇಲೆ ತೆವಳಿ, ಚರಂಡಿಯ ಕೊಳವೆಯ ಮೂಲಕ ಕಡಲು ಸೇರಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ದೊಡ್ಡ ಸಂಸ್ಥೆಯ ತೊಟ್ಟಿಯಿಂದಲೇ ತಪ್ಪಿಸಿಕೊಂಡ ಪ್ರಾಣಿಯು ನಮ್ಮ ಮನೆಯ ಸಡಿಲ ಮುಚ್ಚಳಕ್ಕೆ ನಿಲ್ಲುವುದೇ? ಹೊರಬಂದದ್ದು ಮೊಸಾಯಿಕ್ ನೆಲದ ಮೇಲೆ ಒಣಗಿ ಸಾಯುವುದು.

ಕಾಸಿನ ಲೆಕ್ಕ

ಮಾದರಿಗೆ 200 ಲೀಟರಿನ ತೊಟ್ಟಿಯನ್ನು ಇಟ್ಟುಕೊಳ್ಳೋಣ. ಉಪ್ಪುನೀರಿನ ತೂಕವೇ 205 ಕಿಲೋ. ಗಾಜು, ಮರಳು, ಕಲ್ಲು ಸೇರಿದರೆ ಕಾಲು ಟನ್ನು ದಾಟುತ್ತದೆ. ಬಾಡಿಗೆಯ ಹಳೆಯ ಕಟ್ಟಡದಲ್ಲಿ ಇಷ್ಟು ಭಾರವನ್ನು ಒಂದು ಮೂಲೆಯಲ್ಲಿ ಇಡುವ ಮುನ್ನ ಮನೆಯ ಮಾಲಿಕನನ್ನು ಕೇಳಲೇಬೇಕು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಮೊದಲ ಸಲಕ್ಕೆ 7 ಕಿಲೋ ಬೇಕು. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ಬದಲಿಸಿದರೆ ವಾರಕ್ಕೆ 1.4 ಕಿಲೋ, ವರ್ಷಕ್ಕೆ ಹತ್ತಿರ ಹತ್ತಿರ 73 ಕಿಲೋ. ಅಡಿಗೆಯ ಉಪ್ಪು ಇದಕ್ಕೆ ಬಾರದು. ಬೇರೆಯೇ ಸಮುದ್ರ ಲವಣ ಕೊಳ್ಳಬೇಕು. ನಲ್ಲಿಯ ನೀರನ್ನು ನೇರವಾಗಿ ಬಳಸುವಂತಿಲ್ಲ. ಕ್ಲೋರಿನ್ ಇರಕೂಡದು, ತಾಮ್ರದ ಅಂಶವಂತೂ ವಿಷ. ಈ ಪ್ರಾಣಿಯ ರಕ್ತ ನೀಲಿಯಾಗಿರುವುದು ತಾಮ್ರದಿಂದಲೇ. ಆದರೂ ನೀರಿನಲ್ಲಿ ಬೆರೆತ ತಾಮ್ರ ಅದನ್ನು ಕೊಲ್ಲುತ್ತದೆ.

ಇನ್ನು ವಿದ್ಯುತ್ತು. 30 ವ್ಯಾಟಿನ ಪಂಪು ಹಗಲಿರುಳು ನಡೆದರೆ ದಿನಕ್ಕೆ 0.72 ಯೂನಿಟ್. ನೊರೆ ತೆಗೆಯುವ ಯಂತ್ರಕ್ಕೆ 20 ವ್ಯಾಟ್ ಎಂದರೆ 0.48. ಬೇಸಗೆಯಲ್ಲಿ ನೀರು ತಣಿಸುವ 200 ವ್ಯಾಟಿನ ಯಂತ್ರ 12 ಗಂಟೆ ನಡೆದರೆ 2.4. ಒಟ್ಟು ದಿನಕ್ಕೆ 3.6, ತಿಂಗಳಿಗೆ 108 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಮಳೆಗಾಲದಲ್ಲಿ ಕೆಲವು ಗಂಟೆ ಕರೆಂಟು ಹೋದರೆ, ಗಾಳಿ ಊದುವ ಬ್ಯಾಟರಿಯ ಪಂಪು ಇಲ್ಲದಿದ್ದಲ್ಲಿ, ಆಮ್ಲಜನಕ ಸಾಲದೆ ಪ್ರಾಣಿ ಸತ್ತೀತು. ಆಹಾರವೂ ಒಣ ಕಾಳಲ್ಲ, ಸಿಗಡಿ ಮತ್ತು ಏಡಿ. ಮೊದಮೊದಲಿಗೆ ಜೀವಂತವಾಗಿಯೇ ಬೇಕಾಗುವುದುಂಟು.

ತೊಟ್ಟಿಯ ನೀರು ಹದಕ್ಕೆ ಬರಲು ಎರಡು ಮೂರು ತಿಂಗಳು ಕಾಯಬೇಕು. ತೊಟ್ಟಿಯಲ್ಲಿ ಸಾಕುವ ಹೆಚ್ಚಿನ ಅಷ್ಟಪದಿಗಳ ಆಯುಸ್ಸಾದರೋ ಒಂದು ಅಥವಾ ಎರಡು ವರ್ಷ. ಕಡಲಿನಿಂದ ಹಿಡಿದು ತಂದದ್ದರ ವಯಸ್ಸು ಮಾರುವವನಿಗೂ ತಿಳಿಯದು. ಇಷ್ಟೆಲ್ಲ ಖರ್ಚು ಮಾಡಿ, ಉಳಿದ ನಾಲ್ಕಾರು ತಿಂಗಳ ಮುದಿತನವನ್ನು ಮಾತ್ರ ನೋಡುವಂತಾಗಬಹುದು. ನೀಲಿ ಉಂಗುರದ ಅಷ್ಟಪದಿಯನ್ನಂತೂ ಯಾರು ಕೊಟ್ಟರೂ ಮನೆಗೆ ತರಬಾರದು. ಅದರ ಕಡಿತದ ವಿಷಕ್ಕೆ ಮದ್ದಿಲ್ಲ.

ಮರಿ ಮಾಡಿಸುವ ಮಾತು

ಹೆಣ್ಣು ಅಷ್ಟಪದಿ ಮೊಟ್ಟೆಯಿಟ್ಟ ಮೇಲೆ ಆಹಾರ ಬಿಡುತ್ತದೆ. ಮೊಟ್ಟೆಗಳನ್ನು ತೋಳಿನಿಂದ ಒರೆಸುತ್ತ, ಅವುಗಳ ಮೇಲೆ ನೀರು ಊದುತ್ತ ಕಾಯುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ತಾನು ಸಾಯುತ್ತದೆ. ಇದು ರೋಗವಲ್ಲ. ಕಣ್ಣುಗಳ ನಡುವಿನ ಒಂದು ಗ್ರಂಥಿಯೇ ಇದಕ್ಕೆ ಕಾರಣವೆಂದು ಜೆರೋಮ್ ವೊಡಿನ್ಸ್ಕಿ ಎಂಬ ವಿಜ್ಞಾನಿ 1977ರಲ್ಲಿ ತೋರಿಸಿದರು. ಆದುದರಿಂದ ಮರಿ ಮಾಡಿಸುವುದೆಂದರೆ ತಾಯಿಯ ಅಂತ್ಯವನ್ನು ನಾವೇ ಬರಮಾಡಿಕೊಂಡಂತೆ.

ಮರಿಗಳ ಗತಿಯೇನು? ಸಾಮಾನ್ಯ ಅಷ್ಟಪದಿಯದು ಲಕ್ಷಗಟ್ಟಲೆ ಮೊಟ್ಟೆ. ಅಕ್ಕಿಯ ನುಚ್ಚಿನಷ್ಟಿರುವ ಮರಿಗಳು ವಾರಗಟ್ಟಲೆ ತೇಲುತ್ತ, ಸಣ್ಣ ಜೀವಿಗಳನ್ನು ತಿಂದು ಬೆಳೆಯಬೇಕು. ಪ್ರಯೋಗಶಾಲೆಗಳಲ್ಲಿಯೇ ಅವು ಉಳಿಯುವುದು ಕಷ್ಟ. ದೊಡ್ಡ ಮೊಟ್ಟೆಯಿಡುವ ಜಾತಿಗಳ ಮರಿಗಳು ಉಳಿಯುವುವು, ಆದರೆ ಒಂದನ್ನೊಂದು ತಿನ್ನುವುವು. ಐವತ್ತು ಮರಿಗೆ ಐವತ್ತು ಪಾತ್ರೆ ಬೇಕು. ಕಪ್ಪೆ ಬೊಂಡಾಸದ ವಿಷಯ ಕೊಂಚ ಭಿನ್ನ. ಕೇರಳದ ವಿಳಿಂಜಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದವರು ಅದನ್ನು ಮೊಟ್ಟೆಯಿಂದ ಬೆಳೆಸಿ 2005ರಲ್ಲಿ ವರದಿ ಪ್ರಕಟಿಸಿದ್ದಾರೆ. ಆದರೆ ಅದು ಕಡಲ ದಂಡೆಯ ಸಂಸ್ಥೆ. ನಮ್ಮದು ಎರಡು ಕೋಣೆಯ ಬಿಡಾರ.

ಧರ್ಮದ ಲೆಕ್ಕ

ಅಷ್ಟಪದಿಗೆ ನೋವು ತಿಳಿಯುವುದೇ? 2021ರಲ್ಲಿ ಅಮೇರಿಕದ ರಾಬಿನ್ ಕ್ರುಕ್ ಎಂಬ ವಿಜ್ಞಾನಿ ಪ್ರಯೋಗವೊಂದನ್ನು ಪ್ರಕಟಿಸಿದರು. ಆಮ್ಲದ ಚುಚ್ಚುಮದ್ದು ಪಡೆದ ಅಷ್ಟಪದಿಗಳು ಆ ನೋವನ್ನು ಅನುಭವಿಸಿದ ಜಾಗವನ್ನು ಮುಂದೆ ದೂರವಿಟ್ಟವು. ಚುಚ್ಚಿದ ಭಾಗವನ್ನು ಕೊಕ್ಕಿನಿಂದ ಕೆರೆದುಕೊಂಡವು. ನೋವು ಮರಗಟ್ಟಿಸುವ ಮದ್ದು ಕೊಟ್ಟಾಗ ಹಾಗೆ ಮಾಡಲಿಲ್ಲ. ಬ್ರಿಟನ್ನಿನ 2022ರ ಕಾಯಿದೆ ಇವುಗಳನ್ನು ಸುಖದುಃಖ ತಿಳಿಯುವ ಪ್ರಾಣಿಗಳೆಂದು ಒಪ್ಪಿದೆ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ, ಮನುಷ್ಯನ ಹೊರತು ಜೀವವಿರುವುದೆಲ್ಲ ಪ್ರಾಣಿಯೇ. ಚಲಿಸಲು ತಕ್ಕಷ್ಟು ಸ್ಥಳವಿಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಪ್ರಾಣಿಯನ್ನಿಡುವುದು ಅದರ 11ನೆಯ ಕಲಮಿನಂತೆ ಅಪರಾಧ.

“ಬೊಂಡಾಸ ಹುರಿದು ತಿನ್ನುವ ನಾವು ಸಾಕಿದರೆ ಪಾಪವೇ?” ಎಂದು ಕರಾವಳಿಯ ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತಿನ್ನುವುದು ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ. ಸಾಕುವವನಾದರೋ ದಿನದಿನವೂ ಆ ಜೀವದ ಹೊಣೆ ಹೊರುತ್ತೇನೆಂದು ತಾನಾಗಿ ಒಪ್ಪಿಕೊಂಡವನು. ದೀಪಾವಳಿಗೆ ಊರಿಗೆ ಹೋದರೆ ಹದಿನೈದು ದಿನ ಏಡಿ ಹಾಕುವವರು, ನೀರು ನೋಡುವವರು ಯಾರು? ಇದಕ್ಕೆ ಉತ್ತರವಿಲ್ಲದವನು ಸಾಕಬಾರದು.

ನೋಡುವ ಆಸೆಗೆ ಬೇರೆ ದಾರಿ ಇದೆ. ಮುಂಬಯಿಯ ಕಲ್ಲು ದಂಡೆಗಳಲ್ಲಿ ಇಳಿತದ ಹೊತ್ತಿಗೆ ನಿಲ್ಲುವ ನೀರುಗುಂಡಿಗಳಲ್ಲಿ ಅಷ್ಟಪದಿಗಳು ಕಂಡಿವೆ. 2017ರಲ್ಲಿ ಆರಂಭವಾದ ‘ಮರೈನ್ ಲೈಫ್ ಆಫ್ ಮುಂಬೈ’ ಎಂಬ ಬಳಗ ಇಂಥ ದಂಡೆಗಳನ್ನು ಜನರಿಗೆ ತೋರಿಸುತ್ತ ಬಂದಿದೆ. ಇಳಿತದ ವೇಳೆ ತಿಳಿದುಕೊಂಡು, ಹುಡುಗರನ್ನು ಕರೆದುಕೊಂಡು ಹೋಗಿ. ಮುಟ್ಟಬೇಡಿ, ಕಲ್ಲು ಮಗುಚಬೇಡಿ, ಭರತ ಏರುವ ಮೊದಲು ಹಿಂದಿರುಗಿ. ಖರ್ಚು ರೈಲಿನ ಟಿಕೇಟು ಮಾತ್ರ.

ಅಭ್ಯಾಸಕ್ಕೆ

1. 150 ಲೀಟರಿನ ತೊಟ್ಟಿಗೆ ಮೊದಲ ಸಲ ಎಷ್ಟು ಲವಣ ಬೇಕು?
2. ತಿಂಗಳಿಗೆ 108 ಯೂನಿಟ್ ಎಂದರೆ ನಿಮ್ಮ ಮನೆಯ ಈಗಿನ ಬಿಲ್ಲು ಎಷ್ಟಾಗುವುದು?
3. ಮೀನು ಸಾಕುವುದಕ್ಕೂ ಅಷ್ಟಪದಿ ಸಾಕುವುದಕ್ಕೂ ಇರುವ ಮೂರು ಭೇದಗಳನ್ನು ಮನೆಯ ಹುಡುಗರಿಗೆ ವಿವರಿಸಿ.